ಹಾಜರು ಒಂದು

ಇವತ್ತು ಬೆಳಿಗ್ಗೆ ಹುಣಸಿಗಿಡದ ಸಾಲಿಯ ಬಾಗಿಲು ದೂಡಿದಾಗ ಮೊದಲು ಮೂಗಿಗೆ ಬಡಿದದ್ದು ಹಸಿ ಎಲೆ ಅರೆದು ಇದ್ದಲಿನ ಪುಡಿಗೆ ಕಲಸಿದ ವಾಸನೆ. ಕರಿಹಲಗೆಗೆ ಬಳಿಯುವ ಕಪ್ಪಿನ ವಾಸನೆ ಅದು. ಏಳು ವರ್ಷದಿಂದ ಮುಚ್ಚಿದ ಶಾಲೆ, ಒಳಗೆ ಇಲಿಯ ಹಿಕ್ಕೆ, ಪಾರಿವಾಳದ ಗಲೀಜು ಇದ್ದೇ ಇರುತ್ತದೆ ಎಂದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಬಿಚ್ಚಿ ಅಲ್ಲೇ ಹೊಸ್ತಿಲ ಮೇಲೆ ಕುಳಿತೆ.  

ನಾನು ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಇವತ್ತು ಹೋಗಿದ್ದು ಹಳೆ ಸಾಮಾನಿನ ಯಾದಿ ಮಾಡಲು. ಮಕ್ಕಳು ಕೂರುವ ಬಾಕು ಎಷ್ಟಿವೆ, ಖುರ್ಚಿ ಎಷ್ಟಿವೆ, ಮುರಿದವು ಎಷ್ಟು, ಎತ್ತಿ ಒಯ್ಯಬಹುದಾದವು ಎಷ್ಟು ಎಂದು ಬರೆದು ಕೊಡಬೇಕು. ಎಣಿಸುವ ಕೆಲಸ ಬಂತೆಂದರೆ ಶಿಕ್ಷಣ ಕಚೇರಿಯವರಿಗೆ ನನ್ನ ಹೆಸರೇ ನೆನಪಾಗುತ್ತದೆ. ಏಳು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನು ಒಮ್ಮೆ ಬಹಳ ಚೊಕ್ಕವಾಗಿ ಎಣಿಸಿ ಕೊಟ್ಟಿದ್ದೆ, ಅದಕ್ಕೆ.

ಆ ವರ್ಷ ಜೂನ್ ತಿಂಗಳಲ್ಲಿ ನನ್ನನ್ನು ಶಾಲೆಯಿಂದ ಎತ್ತಿ ಮೂರು ತಿಂಗಳ ಮಟ್ಟಿಗೆ ಕಚೇರಿಯಲ್ಲಿ ಕೂರಿಸಿದರು. ನನ್ನ ಬುದ್ಧಿ ನೋಡಿ ಅಲ್ಲ, ಅಕ್ಷರ ನೋಡಿ. ಎರಡೂ ಭಾಷೆಯಲ್ಲಿ ನನ್ನ ಅಕ್ಷರ ದುಂಡಗಿದೆ. ಊರೊಳಗಿನ ಮೂರು ಸರಕಾರಿ ಶಾಲೆಗಳನ್ನು ಹೋಲಿಸಿ, ಗೆರೆ ಎಳೆದು ಮನೆ ಮನೆ ಮಾಡಿದ ಒಂದು ತಕ್ತೆ ಬರೆಯಬೇಕಿತ್ತು. ತಕ್ತೆಯಲ್ಲಿ ಕೆಳಗೆ ಬಿದ್ದ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಮೇಲಿನ ಶಾಲೆಗೆ ಸೇರಿಸುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಕಚೇರಿಯ ಸಾಹೇಬರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಕನ್ನಡ ಬಾರದು, ಆದರೆ ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಹೊತ್ತಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೂರು ಶಾಲೆಗಳನ್ನೂ ಸುತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ್ದು ದೊಡ್ಡ ಸಾಲಿ, ಮರಾಠಿ ಮಾಧ್ಯಮದ್ದು. ಎರಡು ಮಾಳಿಗೆ. ಗೋಡೆಯ ಉದ್ದಕ್ಕೂ ರೈಲಿನ ಡಬ್ಬಿಗಳ ಚಿತ್ರ, ಒಂದು ಕೋಣೆಯಲ್ಲಿ ಟೀವಿಯಂಥ ದೊಡ್ಡ ಹಲಗೆ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇತ್ತು, ಅದಕ್ಕೆ ಹೊಸ ಕೀಲಿ ಇತ್ತು, ಕೀಲಿಕೈ ಮಾತ್ರ ಹೆಡ್‌ಮಾಸ್ತರರ ಕಿಸೆಯಲ್ಲಿ ಇತ್ತು. ತಕ್ತೆಯಲ್ಲಿ ಶೌಚಾಲಯಕ್ಕೆ ಮನೆ ಇತ್ತು, ಕೀಲಿಕೈಗೆ ಇರಲಿಲ್ಲ. ಎರಡನೆಯದು ತಗಡಿನ ಸಾಲಿ, ಅದೂ ಮರಾಠಿಯದೇ. ಮಳೆ ಬಂದರೆ ತಗಡಿನ ಸದ್ದಿಗೆ ಮಾಸ್ತರರ ಮಾತು ಕೇಳಿಸುವುದಿಲ್ಲ. ಅವರು ಬೆರಳು ತೋರಿಸಿ ಮಗ್ಗಿ ಹೇಳಿಸುತ್ತಿದ್ದರು, ಮಕ್ಕಳು ತುಟಿಯಲ್ಲೇ ಉತ್ತರ ಹೇಳುತ್ತಿದ್ದರು. ನಮ್ಮ ಕಡೆ ಮಳೆಯೇ ಅಪರೂಪ, ಹಾಗಾಗಿ ಅದೊಂದು ದೊಡ್ಡ ತೊಂದರೆ ಎಂದು ಯಾರಿಗೂ ಅನಿಸಿರಲಿಲ್ಲ.

ಮೂರನೆಯದು ಹುಣಸಿಗಿಡದ ಸಾಲಿ. ಕನ್ನಡ ಮಾಧ್ಯಮ, ಎರಡು ಕೋಣೆ, ನಾಲ್ಕು ತರಗತಿ, ಕಲಿಸಲು ಒಬ್ಬರೇ ಬಾಯಾರು. ಊರಿನ ಅಂಚಿಗೆ, ಕುರಿ ಕಾಯುವವರ ಹಟ್ಟಿ ಓಣಿಗೆ ಅಂಟಿಕೊಂಡಿದ್ದ ಶಾಲೆ. ಹಾಜರಿ ಪಟದಲ್ಲಿ ಇಪ್ಪತ್ತಮೂರು ಹೆಸರು. ನೀಲಮ್ಮ ಬಾಯಾರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನಾನು ಹೋದಾಗ ಮಕ್ಕಳು ಅಂಗಳದಲ್ಲಿ ಕುಳಿತು ಬೇಲಿಯ ಎಲೆ ಅರೆಯುತ್ತಿದ್ದರು, ಇಬ್ಬರು ಇದ್ದಲು ಕುಟ್ಟುತ್ತಿದ್ದರು. ಬಾಯಾರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕರಿಹಲಗೆಗೆ ಕಪ್ಪು ಬಳಿಯುತ್ತಿದ್ದರು.

"ಬರ್ರಿ ಗುರೂಜಿ, ಕುಂದ್ರಿ. ಹಲಗಿ ಒಣಗೂತನಾ ಹುಡುಗ್ರು ಓದ್ತಾರ, ಕೇಳ್ರಿ," ಅಂದರು.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಅಂಗಡಿಯಿಂದ ಸಕ್ಕರೆಯೋ ಶೇಂಗಾವೋ ಕಟ್ಟಿಸಿಕೊಂಡು ಬಂದ ಪೊಟ್ಟಣದ ಕಾಗದವನ್ನು ಯಾವ ಮಗುವೂ ಬಿಸಾಡಬಾರದು. ಬಿಡಿಸಿ, ತೀಡಿ, ಶಾಲೆಗೆ ತಂದು ಎಲ್ಲರ ಮುಂದೆ ಓದಬೇಕು. ನಮ್ಮೂರಿನ ಪೊಟ್ಟಣ ಬಹುಪಾಲು ಮರಾಠಿ ಪೇಪರಿನದು, ಕೆಲವು ಕನ್ನಡದ್ದು. ಹೀಗಾಗಿ ಹಟ್ಟಿ ಓಣಿಯ ಮಕ್ಕಳು ಯಾರೂ ಕಲಿಸದೆಯೇ ಮರಾಠಿಯನ್ನೂ ಓದುತ್ತಿದ್ದರು, ಅದೂ ಅರ್ಧಕ್ಕೆ ಹರಿದ ಸುದ್ದಿಗಳನ್ನು. ಉಳಿದರ್ಧವನ್ನು ತಾವೇ ಕಟ್ಟಿ ಹೇಳುತ್ತಿದ್ದರು.

ಅವತ್ತು ಎದ್ದು ನಿಂತವಳು ಮಾಯಕ್ಕ. ನಾಲ್ಕನೆಯ ತರಗತಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಅವಳ ಕೈಯಲ್ಲಿದ್ದದ್ದು ಯಾರೋ ಅಜ್ಜನೊಬ್ಬನ ಶ್ರದ್ಧಾಂಜಲಿಯ ಜಾಹೀರಾತು. ಮರಾಠಿಯಲ್ಲಿ ಒಂದೂ ತಪ್ಪಿಲ್ಲದೆ ಓದಿದಳು. ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದಳು. ಆ ಅಜ್ಜನಿಗೆ ಎಷ್ಟು ಮೊಮ್ಮಕ್ಕಳು, ಅವನು ಯಾವ ಕುರಿಯನ್ನು ಹೆಚ್ಚು ಹಚ್ಚಿಕೊಂಡಿದ್ದ ಎಂದು ಹೇಳುತ್ತ ಹೇಳುತ್ತ ತಾನೇ ಅಳತೊಡಗಿದಳು. ಹಿಂದಿನ ಸಾಲಿನ ಚಿಕ್ಕವರೂ ಅತ್ತರು. ನಾನು ಕೆಮ್ಮಿದಂತೆ ಮಾಡಿದೆ. ದೊಡ್ಡ ಸಾಲಿಯಲ್ಲಿ ಅದೇ ವಯಸ್ಸಿನವರು ಪಾಠದ ಪುಸ್ತಕದ ಮೂರು ಸಾಲನ್ನು ಬೆರಳಿಟ್ಟು ಓದಿದ್ದರು. ನನ್ನ ತಕ್ತೆಯಲ್ಲಿ ಇದಕ್ಕೂ ಮನೆ ಇರಲಿಲ್ಲ.

ಹೊರಡುವಾಗ ಬಾಯಾರು ಗಿಡದ ಕೆಳಗೆ ನಿಲ್ಲಿಸಿ ಮೆಲ್ಲಗೆ ಹೇಳಿದರು. "ಗುರೂಜಿ, ನೀವು ನಮ್ಮ ಪೈಕಿಯವ್ರು ಅಂತ ಹೇಳ್ತೀನಿ. ಇನ್ನ ವಾರ ಹಿಡೀತಾರ ನೋಡ್ರಿ. ಐದು ಮಂಗಳವಾರ ಒಂದ ಹುಡುಗೂ ಬರಂಗಿಲ್ಲ. ಅದಕ ನಾ ರವಿವಾರ ಸಾಲಿ ತಗೀತೀನಿ. ಎಲ್ಲಾರೂ ಬರ್ತಾರ. ಬರಕೋಬ್ಯಾಡ್ರಿ ಮತ್ತ."

ವಾರ ಹಿಡಿಯುವುದು ನನಗೆ ಹೊಸದೇನಲ್ಲ, ನಮ್ಮ ತಾಯಿಯೂ ಹಿಡಿಯುತ್ತಿದ್ದಳು. ಕಾರಹುಣ್ಣಿಮೆ ಮುಗಿದ ಮೇಲೆ ಐದು ಮಂಗಳವಾರ ಓಣಿಗೆ ಓಣಿಯೇ ಕೆಲಸ ಬಿಡುತ್ತದೆ. ಕುಡುಗೋಲು ಹಿಡಿಯುವುದಿಲ್ಲ, ಬೀಸುವುದಿಲ್ಲ, ಕುಟ್ಟುವುದಿಲ್ಲ. ದೇವಿ ಊರೊಳಗೆ ತಿರುಗುತ್ತಾಳೆ, ಅವಳ ದಾರಿಗೆ ಅಡ್ಡ ಬರಬಾರದು ಎಂದು ನಂಬಿಕೆ. ಕೊನೆಯ ವಾರ ಮನೆಗಳ ಬಾಗಿಲು ಹಾಕಿ ಎಲ್ಲರೂ ಹೊರಗೆ ಹೋಗಿ ಅಡುಗೆ ಮಾಡಿ ಉಂಡು ಬರುತ್ತಾರೆ. ಹಟ್ಟಿ ಓಣಿಯವರು ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಅವರ ಪ್ರಕಾರ ಮಕ್ಕಳು ಬರೆಯುವ ಪಾಟಿಯೂ ಕೆಲಸದ ಸಾಮಾನೇ, ಅದನ್ನೂ ಮುಟ್ಟುವಂತಿಲ್ಲ. ಕುರಿಗಳಿಗೆ ಮಾತ್ರ ವಾರವಿಲ್ಲ, ಅವು ಎಂದಿನಂತೆ ಮೇಯುತ್ತವೆ.

ಜುಲೈನಲ್ಲಿ ಸಭೆ ಆಯಿತು. ಹಾಜರಿ ಪುಸ್ತಕ ನಂಬುವ ಹಾಗಿಲ್ಲ, ಮೂರೂ ಶಾಲೆಯಲ್ಲಿ ಒಂದೇ ದಿನ ಕಣ್ಣಾರೆ ತಲೆ ಎಣಿಸಬೇಕು ಎಂದು ಸಾಹೇಬರು ಹೇಳಿದರು. ದಿನ ಮಂಗಳವಾರ. ಎಣಿಸುವವನು ನಾನು. "ಎಲ್ಲಿಯಾದರೂ ಸೊನ್ನೆ ಬಂದರೆ ಅವತ್ತು ಅಲ್ಲಿ ಸೂಟಿ ಇತ್ತು ಎಂದು ತಿಳಿಯಿರಿ, ಇನ್ನೊಂದು ದಿನ ಹೋಗಿ ಎಣಿಸಿ," ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಅದನ್ನು ಕೇಳಿ ನನಗೆ ಹಗುರವೆನಿಸಿತು. ಹುಣಸಿಗಿಡದ ಸಾಲಿಯಲ್ಲಿ ಅವತ್ತು ಸೊನ್ನೆಯೇ ಬರುತ್ತದೆ, ಗುರುವಾರ ಹೋಗಿ ಎಣಿಸಿದರಾಯಿತು. ಮಂಗಳವಾರ ವಾರ ಇದೆ ಎಂದು ಸಭೆಯಲ್ಲಿ ಬಾಯಿ ಬಿಡುವ ಗೋಜೇ ಇಲ್ಲ. ಬಾಯಿ ಬಿಟ್ಟಿದ್ದರೆ ಉಳಿದ ಮಾಸ್ತರರು ನಗುತ್ತಿದ್ದರು. ಈ ಕಾಲದಲ್ಲಿ ವಾರವಂತೆ, ಇವನೂ ಅದೇ ಪೈಕಿ ಎನ್ನುತ್ತಿದ್ದರು. ಆ ನಗೆಗೆ ನಾನು ಹೆದರುತ್ತಿದ್ದೆ.

ಆ ಮಂಗಳವಾರ ಮೋಡ ಕವಿದಿತ್ತು, ಹನಿ ಇರಲಿಲ್ಲ, ಗಾಳಿ ಮಾತ್ರ ಕೆಂಪು ಮಣ್ಣನ್ನು ಎಬ್ಬಿಸಿ ಕಣ್ಣಿಗೆ ಎರಚುತ್ತಿತ್ತು. ದೊಡ್ಡ ಸಾಲಿ ಮುಗಿಸಿ, ತಗಡಿನ ಸಾಲಿ ಮುಗಿಸಿ, ಹನ್ನೊಂದರ ಸುಮಾರಿಗೆ ಹಟ್ಟಿ ಓಣಿಗೆ ಹೋದೆ. ಓಣಿಯಲ್ಲಿ ಸದ್ದೇ ಇಲ್ಲ. ಹೆಂಗಸರು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಶಾಲೆಯ ಬಾಗಿಲು ತೆರೆದಿತ್ತು. ಒಳಗೆ ನೀಲಮ್ಮ ಬಾಯಾರು, ಅವರ ಎದುರಿಗೆ ಖಾಲಿ ಜಮಖಾನೆ, ಜಮಖಾನೆಯ ನಟ್ಟನಡುವೆ ಮಾಯಕ್ಕ. ತೊಡೆಯ ಮೇಲೆ ಪಾಟಿ.

ನಾನು ಬರುವ ಸುದ್ದಿ ಬಾಯಾರಿಗೆ ಹೇಗೋ ಗೊತ್ತಾಗಿತ್ತು. ಸೊನ್ನೆಯ ವಿಷಯ ಗೊತ್ತಿರಲಿಲ್ಲ. ಸೋಮವಾರ ಸಂಜೆ ಮನೆಮನೆಗೆ ಹೋಗಿ ಒಂದು ತಾಸು ಮಕ್ಕಳನ್ನು ಕಳಿಸಿ ಎಂದು ಕೈಮುಗಿದಿದ್ದರಂತೆ. ಯಾರೂ ಒಪ್ಪಿರಲಿಲ್ಲ. ಮಾಯಕ್ಕ ಮಾತ್ರ ಬೆಳಿಗ್ಗೆ ತನ್ನ ಆಯಿಯ, ಅಂದರೆ ಅಜ್ಜಿಯ, ಕಣ್ಣು ತಪ್ಪಿಸಿ, ಹಿತ್ತಲಿಂದ ಬಂದು ಕುಳಿತಿದ್ದಳು.

ನನ್ನನ್ನು ಕಂಡದ್ದೇ ಎದ್ದು ನಿಂತಳು. "ಹಾಜರ ಗುರೂಜಿ," ಅಂದಳು. ಇನ್ನೂ ಕರೆದಿರಲಿಲ್ಲ, ತಾನಾಗಿಯೇ ಅಂದಳು. ಮುಖದಲ್ಲಿ ಎಂಥ ಗೆಲುವು! ಇಡೀ ಓಣಿಯ ಪರವಾಗಿ ಬಂದಿದ್ದಳು.

ಮನೆಗೆ ಹೋಗು ಎಂದು ಅವಳಿಗೆ ಹೇಳಬಹುದಿತ್ತು. ಅವಳು ಹಿತ್ತಲಿಂದ ಬಂದ ಹಾಗೆ ಹಿತ್ತಲಿಂದ ಹೋಗುತ್ತಿದ್ದಳು, ನಾನು ಸೊನ್ನೆ ಬರೆಯುತ್ತಿದ್ದೆ, ಗುರುವಾರ ಇಪ್ಪತ್ತಮೂರು ತಲೆ ಎಣಿಸುತ್ತಿದ್ದೆ. ಇದು ನನಗೆ ಆ ಹೊತ್ತಿನಲ್ಲೇ ಹೊಳೆದಿತ್ತು, ಆಮೇಲೆ ಹೊಳೆದದ್ದಲ್ಲ. ಆದರೆ ಅವಳ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಕಂಡದ್ದನ್ನು ಬರೆಯುವುದು ನನ್ನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ನೋಡುತ್ತಿದ್ದ ಹಾಗೆಯೇ ತಕ್ತೆಯಲ್ಲಿ ಒಂದು ಎಂದು ಬರೆದೆ.

ಬಾಯಾರು ಹತ್ತಿರ ಬಂದು ತಕ್ತೆಯ ಕೊನೆಯ ಮನೆಯ ಮೇಲೆ ಬೆರಳಿಟ್ಟರು. ಅದು ಷರಾದ, ಅಂದರೆ ಟಿಪ್ಪಣಿಯ ಮನೆ. "ಇಲ್ಲಿ ಬರೀರಿ ಗುರೂಜಿ. ಇವತ್ತ ವಾರ ಐತಿ, ಹುಡುಗ್ರು ರವಿವಾರ ಬರ್ತಾರ ಅಂತ ಬರೀರಿ."

"ರವಿವಾರದ್ದು ಬರದ್ರ ನಿಮಗ ನೋಟೀಸ ಬರತೈತ್ರಿ, ಬಾಯಾರ."

"ಬರಲಿ. ಒಂದ ವರ್ಷ ಉಳದೈತಿ ನಂದು. ನನಗ ಏನ ಮಾಡ್ತಾರ? ಸಾಲಿ ಉಳೀಲಿ."

"ಬರೀತೀನಿ," ಅಂದೆ. "ಕಚೇರ್ಯಾಗ ಕುಂತು ಚಂದಂಗ ಬರೀತೀನಿ." ಮಾಯಕ್ಕ ಕೇಳಿಸಿಕೊಳ್ಳುತ್ತ ನಿಂತಿದ್ದಳು.

ಬರೆಯಲಿಲ್ಲ. ಕಚೇರಿಗೆ ಹೋಗಿ ಪೆನ್ನು ಬಿಚ್ಚಿದೆ, ಮುಚ್ಚಿದೆ. ಬಾಯಾರಿಗೆ ನೋಟೀಸು ಬರುತ್ತದೆ, ಕೊನೆಗಾಲದಲ್ಲಿ ಅವರ ಹೆಸರು ಕೆಡುತ್ತದೆ, ಬರೆಯದಿರುವುದೇ ಉಪಕಾರ ಎಂದು ಒಂದು ಕಾರಣ ಹುಡುಕಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ತಕ್ತೆ ಚೊಕ್ಕವಾಗಿತ್ತು. ಸಾಹೇಬರು ಚೊಕ್ಕ ತಕ್ತೆಯನ್ನು ಮೆಚ್ಚುತ್ತಿದ್ದರು. ನನಗೆ ಮನೆಗೆ ಹತ್ತಿರವಿದ್ದ ದೊಡ್ಡ ಸಾಲಿಗೆ ವರ್ಗ ಬೇಕಾಗಿತ್ತು. ವಾರ, ದೇವಿ, ರವಿವಾರದ ಶಾಲೆ ಎಂದೆಲ್ಲ ಬರೆದು ಆ ಮನುಷ್ಯನ ಮುಂದೆ ವಿವರಿಸುತ್ತ ನಿಲ್ಲಲು ನಾಚಿಕೆಯಾಯಿತು. ಷರಾದ ಮನೆ ಖಾಲಿ ಉಳಿಯಿತು. ಸಾಹೇಬರು ತಕ್ತೆಯ ಮೇಲೆ ಕಣ್ಣಾಡಿಸಿ, ಒಂದರ ಮೇಲೆ ಬೆರಳಿಟ್ಟು, "ಒಂದೇ?" ಎಂದು ಕೇಳಿದರು. ಹೌದು ಎಂದೆ. ನನ್ನ ಅಕ್ಷರವನ್ನು ಹೊಗಳಿ ಸಹಿ ಹಾಕಿದರು.

ಗಣಪತಿ ಹಬ್ಬಕ್ಕಿಂತ ಮೊದಲೇ ಹುಣಸಿಗಿಡದ ಸಾಲಿ ಮುಚ್ಚಿತು. ಮಕ್ಕಳನ್ನು ದೊಡ್ಡ ಸಾಲಿಗೆ ಹಾಕಿದರು. ನನ್ನನ್ನೂ ಅಲ್ಲಿಗೇ ಹಾಕಿದರು, ಬೇಡಿದ ವರ್ಗ ಸಿಕ್ಕಿತು. ಕಡೆಯ ದಿನ ನೀಲಮ್ಮ ಬಾಯಾರು ಪುಸ್ತಕಗಳನ್ನು ಒಪ್ಪಿಸಲು ಕಚೇರಿಗೆ ಬಂದಿದ್ದರು. ಅವರನ್ನು ಬೇರೆಡೆ ಹಾಕಿದ್ದರು, ವರ್ಷ ಮುಗಿಸಿ ತವರೂರು ಬಾಲಗಾಂವಕ್ಕೆ ಹೋಗಿ ಇರುವುದಾಗಿ ಹೇಳಿದರು. ಮೆಟ್ಟಿಲ ಹತ್ತಿರ ನಿಂತು, "ಷರಾ ಬರದಿದ್ರೆಲ್ಲಾ ಗುರೂಜಿ?" ಎಂದು ಕೇಳಿದರು.

"ಬರದಿದ್ದೆ, ಬಾಯಾರ. ಆದ್ರೂ ಹಿಂಗಾತು," ಅಂದೆ.

"ನಿಮ್ಮ ಕೈಲಾದದ್ದು ಮಾಡಿದ್ರಿ," ಎಂದು ನನ್ನ ಭುಜ ಮುಟ್ಟಿ ಹೋದರು. ಅವರು ಮುಟ್ಟಿದ ಜಾಗ ಈಗಲೂ ಒಮ್ಮೊಮ್ಮೆ ಚುರುಗುಟ್ಟುತ್ತದೆ.

ಮಾಯಕ್ಕ ಆ ವರ್ಷ ಉಳಿದ ತಿಂಗಳೆಲ್ಲ ನನ್ನ ತರಗತಿಯಲ್ಲೇ ಕುಳಿತಳು. ಕಿಟಕಿಯ ಪಕ್ಕ, ಎರಡನೆಯ ಬಾಕು. ಅವಳು ನನ್ನೊಡನೆ ಒಂದೇ ಒಂದು ಮಾತಾಡಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಓದಲು ಎಬ್ಬಿಸಿದರೆ ಪುಸ್ತಕ ಹಿಡಿದು ನಿಲ್ಲುತ್ತಿದ್ದಳು, ನಿಂತೇ ಇರುತ್ತಿದ್ದಳು, ನಾನೇ ಕುಂದ್ರು ಎನ್ನಬೇಕು. ಉಳಿದ ಮಾಸ್ತರರು, ಕನ್ನಡದ ಹುಡುಗಿ, ಮರಾಠಿ ಬರುವುದಿಲ್ಲ ಎಂದು ತೀರ್ಮಾನ ಮಾಡಿದರು. ನನಗೆ ಗೊತ್ತಿತ್ತು, ಆ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಮರಾಠಿ ಓದುವವರು ಇನ್ನೊಬ್ಬರಿಲ್ಲ ಎಂದು. ಹೇಳಲಿಲ್ಲ. ಆಟದ ಹೊತ್ತಿನಲ್ಲಿ ಓಣಿಯ ಮಕ್ಕಳು ಅವಳನ್ನು "ಏ ಒಂದೂ" ಎಂದು ಕೂಗುತ್ತಿದ್ದರು. ಯಾವುದೋ ಆಟದ ಹೆಸರಿರಬೇಕು ಎಂದು ಬಿಟ್ಟೆ. ಮುಂದಿನ ಜೂನ್‌ಗೆ ಅವಳು ಶಾಲೆಗೆ ಬರಲಿಲ್ಲ.

ಅಂದಿನಿಂದ ಯಾವ ತರಗತಿಗೆ ಹೋದರೂ ನಾನು ಮೊದಲು ತಲೆ ಎಣಿಸುತ್ತೇನೆ. ಮದುವೆಯ ಪಂಕ್ತಿಯಲ್ಲಿ ಎಣಿಸುತ್ತೇನೆ, ಗುಡ್ಡಾಪುರಕ್ಕೆ ಹೋಗುವ ಬಸ್ಸಿನಲ್ಲಿ ಎಣಿಸುತ್ತೇನೆ. ಎಷ್ಟು ಎಣಿಸಿದರೂ ಕಿಟಕಿಯ ಪಕ್ಕ ಒಬ್ಬಳು ಬಿಟ್ಟುಹೋದ ಹಾಗೆಯೇ ಅನಿಸುತ್ತದೆ.

ಇವತ್ತು ಹೊಸ್ತಿಲ ಮೇಲೆ ಕುಳಿತು ಇದನ್ನೆಲ್ಲ ನೆನೆಯುತ್ತಿದ್ದಾಗಲೇ ಕಣ್ಣಿಗೆ ಬಿದ್ದದ್ದು, ನೆಲ ಗುಡಿಸಿತ್ತು. ಕರಿಹಲಗೆ ಹೊಸ ಕಪ್ಪಿನಿಂದ ಮಿರುಗುತ್ತಿತ್ತು. ಮೂಲೆಯಲ್ಲಿ ಒಂದು ಕಲ್ಲಿನ ಕೆಳಗೆ ತೀಡಿಟ್ಟ ಪೊಟ್ಟಣದ ಕಾಗದಗಳು. ಹೊರಗೆ ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಎಲ್ಲ ಮನೆಗಳ ಬಾಗಿಲು ಹಾಕಿವೆ. ಇವತ್ತು ಮಂಗಳವಾರ, ಕಡೆಯ ವಾರ. ನಾನು ಮರೆತೇ ಬಿಟ್ಟಿದ್ದೆ.

"ಇವತ್ತೂ ಎಣಸಾಕ ಬಂದೀರೇನ್ರೀ ಗುರೂಜಿ?"

ಅಂಗಳದಲ್ಲಿ ಮಾಯಕ್ಕ ನಿಂತಿದ್ದಳು. ಈಗ ಹದಿನಾರು, ಎತ್ತರವಾಗಿದ್ದಾಳೆ, ಕೈಯಲ್ಲಿ ಖಾಲಿ ಕೊಡ. ಮನೆಯಲ್ಲಿ ಮರೆತ ಆ ಕೊಡವನ್ನು ಒಯ್ಯಲು ಬಂದಿದ್ದಳಂತೆ. ಏಳು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

"ಹಲಗಿಗೆ ಕಪ್ಪ ಯಾರ ಹಚ್ಚ್ಯಾರ?" ಎಂದು ಕೇಳಿದೆ.

"ನಾನ ಹಚ್ಚೀನ್ರಿ. ರವಿವಾರ ಸಣ್ಣ ಹುಡುಗ್ರಿಗಿ ಓದಸ್ತೀನಿ. ಅವ್ರು ಸಾಲಿಗಿ ಹೋಗ್ತಾರ ಖರೆ, ಕನ್ನಡ ಬರಂಗಿಲ್ಲ." ಕೊಡವನ್ನು ಕೆಳಗಿಟ್ಟಳು. "ಗುರೂಜಿ, ಒಂದ ಮಾತ ಕೇಳ್ಲ್ಯಾ? ಅವತ್ತ ನಾ ಬರದಿದ್ರ ಸಾಲಿ ಉಳೀತಿತ್ತೇನ್ರಿ?"

ಸೊನ್ನೆಯ ನಿಯಮ ಕಚೇರಿಯ ಯಾರೋ ಓಣಿಯಲ್ಲಿ ಹೇಳಿಬಿಟ್ಟಿದ್ದರಂತೆ. ಸೊನ್ನೆ ಇದ್ದಿದ್ದರೆ ಶಾಲೆ ಉಳಿಯುತ್ತಿತ್ತು, ಈ ಹುಡುಗಿ ವಾರ ಮುರಿದು ಹೋಗಿ ಒಂದು ಮಾಡಿದಳು, ದೇವಿ ಸಿಟ್ಟಾದಳು, ಶಾಲೆ ಹೋಯಿತು ಎಂದು ಅವಳ ಆಯಿಯೇ ಏಳು ವರ್ಷದಿಂದ ಹೇಳುತ್ತ ಬಂದಿದ್ದಾಳಂತೆ. ಮಕ್ಕಳು ಕೂಗುತ್ತಿದ್ದ "ಒಂದೂ" ಯಾವ ಆಟದ್ದೂ ಅಲ್ಲ ಎಂದು ಆಗ ತಿಳಿಯಿತು.

"ಸಾಲಿ ನಿನ್ನಿಂದ ಹೋಗಲಿಲ್ಲ, ಯವ್ವಾ," ಅಂದೆ. "ನಾ ಷರಾ ಬರೀಲಿಲ್ಲ. ಅದನ್ನ ಬರದಿದ್ರ ಮತ್ತೊಂದ ದಿನಾ ಎಣಸ್ತಿದ್ರು."

"ನೀವು ಷರಾ ಬರದಿದ್ರಿ ಅಂತ ಬಾಯಾರ ಹೇಳಿದ್ರಲಾ?"

"ಬಾಯಾರಿಗೂ ಸುಳ್ಳ ಹೇಳಿದೆ."

ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಕೇಳಿದ್ದು ಒಂದೇ. "ಇದನ್ನ ನಮ್ಮ ಆಯಿ ಮುಂದ ಬಂದು ಹೇಳ್ತೀರೇನ್ರಿ? ಓಣ್ಯಾವ್ರು ಎಲ್ಲಾರೂ ಹಳ್ಳದ ದಂಡ್ಯಾಗ ಅದಾರ."

ಅವಳ ಹಿಂದೆ ಹಳ್ಳದ ದಂಡೆಯವರೆಗೆ ನಡೆದೆ. ಜಾಲಿ ಗಿಡಗಳ ಕೆಳಗೆ ಒಲೆ ಹೂಡಿದ್ದರು, ಗೋದಿ ಹುಗ್ಗಿ ಕುದಿಯುತ್ತಿತ್ತು, ಕುರಿಗಳು ಆಚೆ ಮೇಯುತ್ತಿದ್ದವು. ಎಲ್ಲರೂ ತಿರುಗಿ ನೋಡಿದರು. ನಾನು ಅಭ್ಯಾಸದಂತೆ ತಲೆ ಎಣಿಸತೊಡಗಿ, ಅರ್ಧಕ್ಕೆ ನಿಲ್ಲಿಸಿದೆ. ಅವಳ ಆಯಿ ಕಲ್ಲಿಗೆ ಒರಗಿ ಕುಳಿತಿದ್ದಳು. ಅವಳ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಸೊನ್ನೆ, ಒಂದು, ಷರಾ, ಬಾಯಾರಿಗೆ ಹೇಳಿದ ಸುಳ್ಳು, ನನ್ನ ವರ್ಗ, ಎಲ್ಲವನ್ನೂ ಹೇಳಿದೆ. ಸೌಟು ಆಡಿಸುತ್ತಿದ್ದವಳು ಕೈ ನಿಲ್ಲಿಸಿದ್ದಳು.

ಮುದುಕಿ ಮೊಮ್ಮಗಳ ಕಡೆ ನೋಡಿದಳು. ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು, ಅವಳ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕುಂದ್ರಿ, ಉಣ್ರಿ. ಇವತ್ತ ವಾರ ಐತಿ, ಯಾರನೂ ಬೈಯಂಗಿಲ್ಲ," ಅಂದಳು. "ನಾಳಿ ಬರ್ರಿ."

ಉಂಡೆ. ಬಡಿಸಿದವಳು ಮಾಯಕ್ಕ. ಹುಗ್ಗಿಯ ರುಚಿ ಏನೆಂದು ಕೇಳಿದರೆ ಹೇಳಲಾರೆ.

ಈಗ ಸಂಜೆ. ಯಾದಿ ಮುಗಿಸಿದ್ದೇನೆ. ಬಾಕು ನಾಲ್ಕು, ಮುರಿದಿವೆ. ಖುರ್ಚಿ ಒಂದು, ಕಾಲಿಲ್ಲ. ಕರಿಹಲಗೆ ಒಂದು. ಅದರ ಮುಂದೆ ಷರಾದ ಮನೆಯಲ್ಲಿ, ಬಳಕೆಯಲ್ಲಿದೆ, ಒಯ್ಯಬಾರದು ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿದ್ದೇನೆ. ಅಕ್ಷರ ಮೊದಲಿನಷ್ಟು ದುಂಡಗೆ ಬಂದಿಲ್ಲ. ನಾಳೆ ಬುಧವಾರ, ಬೆಳಿಗ್ಗೆ ಎದ್ದು ಹಟ್ಟಿ ಓಣಿಗೆ ಹೋಗಬೇಕು.